ಹಸಿರು ಬಳೆ ಯಾವ ದಿನ ಬಿಚ್ಚಲಿ?

ಶಸ್ತ್ರಚಿಕಿತ್ಸೆಯ ದಿನಾಂಕ ಕೊಡುವ, ಕೊಟ್ಟು ಕಸಿದುಕೊಳ್ಳುವ ಮಾನ್ಯ ವೈದ್ಯಾಧಿಕಾರಿಗಳೇ,

ನನ್ನ ಅಂಡಾಶಯದಲ್ಲಿ ಗಡ್ಡೆಯೊಂದು ಬೆಳೆಯುತ್ತಿದೆ. ಅದನ್ನು ತೆಗೆಯಲೇಬೇಕೆಂದು ನಿಮ್ಮ ಆಸ್ಪತ್ರೆಯೇ ಬರೆದುಕೊಟ್ಟು ಏಳು ತಿಂಗಳಾದವು. ಮೂರು ಸಲ ದಿನಾಂಕ ಕೊಟ್ಟಿರಿ, ಮೂರು ಸಲ ಮುಂದೂಡಿದಿರಿ. ಒಮ್ಮೆ ಅರಿವಳಿಕೆ ವೈದ್ಯರು ರಜೆಯಲ್ಲಿದ್ದರು, ಒಮ್ಮೆ ಅವರಿಗೆ ವರ್ಗವಾಗಿತ್ತು, ಮತ್ತೊಮ್ಮೆ ಕಾರಣ ಹೇಳಲಿಕ್ಕೂ ಯಾರೂ ಇರಲಿಲ್ಲ. ಆಪರೇಷನ್ ಥಿಯೇಟರಿನ ಬಾಗಿಲಿಗೆ ಬೀಗವಿದೆ; ಉದ್ಘಾಟನೆಯ ದಿನ ಕತ್ತರಿಸಿದ ರಿಬ್ಬನ್ನು ಇನ್ನೂ ಜೋತಾಡುತ್ತಿದೆ. ಅಲ್ಲಿ ಕತ್ತರಿ ಆಡಿದ್ದು ಬಹುಶಃ ಅದೊಂದೇ ಸಲ.

ಈ ಏಳು ತಿಂಗಳನ್ನು ನಾನು ಹೇಗೆ ಕಳೆದೆನೆಂಬುದು ನಿಮ್ಮ ಕಡತದಲ್ಲಿ ಇರಲಾರದು. ಅರ್ಧ ರೊಟ್ಟಿಗೇ ಹೊಟ್ಟೆ ಬಿಗಿಯುತ್ತದೆ. ಸೀರೆಯ ನೆರಿಗೆ ನಿಲ್ಲುವುದಿಲ್ಲ. ನಮ್ಮೂರು ಜುಗೂಳದಿಂದ ನಿಮ್ಮಲ್ಲಿಗೆ ಬರುವ ಬಸ್ಸಿನಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳು ಕೆಡಿಸಿದ ರಸ್ತೆಯ ಪ್ರತಿ ತಗ್ಗಿಗೂ ಎರಡು ಕೈಯಿಂದ ಹೊಟ್ಟೆ ಹಿಡಿದುಕೊಳ್ಳುತ್ತೇನೆ. ಕಾಲೇಜಿನಲ್ಲಿ ಕನ್ನಡ ಕಲಿಸುವವಳು ನಾನು. ಈಗ ಕುಳಿತೇ ಪಾಠ, ಬೆನ್ನಿಗೊಂದು ಬಿಸಿನೀರಿನ ಬಾಟಲಿ. ಮೊದಲು ಕವಿತೆಯ ಎರಡು ಸಾಲುಗಳ ನಡುವೆ ನೋವು ಬರುತ್ತಿತ್ತು. ಈಗ ಎರಡು ನೋವುಗಳ ನಡುವೆ ಒಂದು ಸಾಲು ಓದುತ್ತೇನೆ. ಗಡ್ಡೆ ತಿರುಚಿಕೊಂಡರೆ ಜೀವಕ್ಕೆ ಅಪಾಯ, ಅದು ಕ್ಯಾನ್ಸರೋ ಅಲ್ಲವೋ ತೆಗೆದು ಪರೀಕ್ಷಿಸಿದ ಮೇಲೆಯೇ ಗೊತ್ತಾಗುವುದು ಎಂದವರು ನಿಮ್ಮದೇ ಆಸ್ಪತ್ರೆಯ ವೈದ್ಯೆ. ನಿಮ್ಮ ಗುಮಾಸ್ತರು ಅಂದದ್ದು ಬೇರೆ: "ಹೆಂಗಸರ ಹೊಟ್ಟಿಬ್ಯಾನಿ ಅಲ್ರಿ ಬಾಯಾರ, ಇದೇನ್ ಎಮರ್ಜೆನ್ಸಿ ಅಲ್ಲ. ಬರೂ ಸೋಮವಾರ ಬರ್ರಿ. ಭಾಳ ಅವಸರ ಇದ್ರ ಮಿರಜಿನ ಖಾಸಗಿ ದವಾಖಾನಿಗೆ ಹೋಗ್ರಿ." ಯಾರ ಹೊಟ್ಟೆ ನೊಂದರೆ ಅದು ತುರ್ತು, ಮಾನ್ಯರೇ?

ಹೋದ ವಾರ ಪಕ್ಕದ ಮನೆಯ ಹಿರಿಯಾಕೆ ಕೆಂಚವ್ವ ಹಸಿರು ಬಳೆ, ಕುಪ್ಪಸದ ಖಣ ಹಿಡಿದು ಬಂದಳು. ನಮ್ಮ ಕಡೆ ಬಸುರಿಗೆ ಏಳನೆಯ ತಿಂಗಳಲ್ಲಿ ಹಸಿರು ಬಳೆ ತೊಡಿಸಿ ಕುಬಸ ಮಾಡುತ್ತಾರೆ. ಏರುತ್ತಿರುವ ನನ್ನ ಹೊಟ್ಟೆ, ಪ್ರತಿ ಸೋಮವಾರದ ದವಾಖಾನೆಯ ಓಡಾಟ ನೋಡಿ ಅವಳು ತಿಂಗಳೆಣಿಸಿಕೊಂಡಿದ್ದಳು.

"ನಲವತ್ತೆಂಟಾದ್ರೇನಾತ್ ಬೇ ಅನಸವ್ವಾ, ದೇವರು ಕೊಟ್ಟಾಗ ನಾಚಬಾರ್ದು. ಕೈ ಮುಂದ ಮಾಡ."

"ಕೂಸಲ್ಲ ಕೆಂಚವ್ವಾ, ಗಡ್ಡಿ ಐತಿ. ಆಪರೇಶನ್ ತಾರೀಖ ಕಾಯಾಕತ್ತೇನಿ."

ಬಳೆ ಹಿಡಿದವಳು ಹಿಡಿದ ಹಾಗೇ ನಿಂತಳು. ಕಣ್ಣು ಒರೆಸಿಕೊಂಡು ಕೇಳಿದಳು: "ಕೂಸಿಗಾದ್ರ ಒಂಬತ್ತ ತಿಂಗಳಂತ ಐತಿ. ನಿನ್ನ ಸರಕಾರಕ್ಕ ಎಷ್ಟ ತಿಂಗಳ?"

ಎಂ.ಎ. ಓದಿದ ನಾನು ಆ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ. ನಿಮಗೆ ಉತ್ತರ ಹೊಳೆದೀತೇ? ಪಾಪದ ಮುದುಕಿ, ತಾನು ಎಣಿಕೆ ತಪ್ಪಿದ್ದಕ್ಕೆ ಬಳೆ ಅಲ್ಲೇ ಇಟ್ಟು ತಲೆ ತಗ್ಗಿಸಿ ಹೋದಳು. ಏಳು ತಿಂಗಳಲ್ಲಿ ನಿಮ್ಮ ಕಚೇರಿಯಲ್ಲಿ ಒಂದು ತಲೆಯೂ ತಗ್ಗಿದ್ದನ್ನು ನಾನು ಕಂಡಿಲ್ಲ. ಅದನ್ನು ನೆನೆದರೆ ಹೇಸಿಗೆಯಾಗುತ್ತದೆ.

ಬಳೆ ಮರಳಿಸಲು ಮನಸ್ಸಾಗದೆ ತೊಟ್ಟುಕೊಂಡಿದ್ದೇನೆ. ಶಸ್ತ್ರಚಿಕಿತ್ಸೆಗೆ ಬರುವಾಗ ಕೈಯಲ್ಲಿ ಬಳೆ ಇರಕೂಡದೆಂದು ನೀವು ಕೊಟ್ಟ ಸೂಚನಾ ಚೀಟಿಯಲ್ಲಿದೆ. ಯಾವ ದಿನ ಬಿಚ್ಚಲಿ? ಬದಲಾಗದ ಒಂದು ತಾರೀಖು, ಅದರ ಕೆಳಗೆ ನಿಮ್ಮ ಸಹಿ. ಎಂಟು ದಿನಗಳೊಳಗೆ ನನಗೆ ತಲುಪಬೇಕು. ಕೊಡಲಾಗದಿದ್ದರೆ ಹಾಗೆಂದೇ ಬರೆದು ಸಹಿ ಹಾಕಿ. ಕೆಂಚವ್ವನಿಗೆ ಓದು ಬಾರದು, ನಾನೇ ಓದಿ ಹೇಳುತ್ತೇನೆ.

ಇಂತಿ,
ನಿಮ್ಮ ದಾಖಲೆಯಲ್ಲಿ ಎಮರ್ಜೆನ್ಸಿ ಅಲ್ಲದ ಹೆಂಗಸು
ಅನುಸೂಯಾ, ಜುಗೂಳ