ತಿಕ್ಕಿ ಅಳಿಸಿದ ಹೆಸರು

ಭಂಕೂರ
೯ ನವೆಂಬರ್ ೨೦೨೪

ತಂಗಿ ಭಾಗ್ಯಾಳಿಗೆ ಅಕ್ಕ ಅಮೃತಮ್ಮ ಮಾಡುವ ಆಶೀರ್ವಾದಗಳು.

ದಸರೆಯಲ್ಲೇ ಬರೆಯಬೇಕಿತ್ತು, ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ನೀನು ನಗುತ್ತೀ, ನಾನು ಜಗಳ ತೆಗೆಯುತ್ತೇನೆ. ಅದಕ್ಕೇ ಈ ಕಾಗದ.

ಹಬ್ಬದ ದಿನ ಕಲ್ಲು ಕಡಿಯುವ ಉಳಿ, ಸುತ್ತಿಗೆಗಳ ಪಕ್ಕ ನಾವು ಪೂಜೆಗೆ ಇಡುವ ಹಳೆಯ ಪಿಸ್ತೂಲು ಇದೆಯಲ್ಲ, ಅದರದೇ ವಿಷಯ. ಅಪ್ಪನ ಅಜ್ಜ, ಆ ಮುತ್ಯಾನಿಗೆ ಅದು ಇನಾಮಾಗಿ ಬಂತು ಅಂತ ಅಪ್ಪ ಹೇಳುತ್ತಾನೆ, ಕದ್ದದ್ದು ಅಂತ ಊರವರು ಆಡಿಕೊಳ್ಳುತ್ತಾರೆ. ಎಂಬತ್ತೆರಡರ ಅಪ್ಪನಿಗೆ ಈಗ ಒಂದೇ ಹಟ, ಕಣ್ಣು ಮುಚ್ಚುವುದರೊಳಗೆ ನಿಜ ತಿಳಿಯಬೇಕು.

ಶಹಾಬಾದಿನಿಂದ ಅಲ್ಲಾವುದ್ದೀನ ಮಾಸ್ತರರನ್ನು ಕರೆಸಿದೆವು. ಉರ್ದು ಕಲಿಸಿ ನಿವೃತ್ತರಾದವರು, ಹಳೆಯ ಸಾಮಾನು ಬಲ್ಲವರು. ನಳಿಗೆಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದರು, ಹಿಡಿಕೆಯ ಹಿತ್ತಾಳೆ ತಗಡು ಸವರಿದರು. "ಬಾಯಾಗಿಂದ ಮದ್ದು ತುಂಬೋದದ, ಭಾಳ ಹಳೇದು. ನಂಬರ್ ಇಲ್ಲ, ಛಾಪಾ ಇಲ್ಲ. ಇಲ್ಲಿ ಏನೋ ಕೆತ್ತಿದ್ರು ರೀ, ಯಾರೋ ತಿಕ್ಕಿ ತಿಕ್ಕಿ ಅಳಿಸ್ಯಾರ" ಅಂದರು.

ಯಾರೋ ಅಂದರೆ ನಾನೇ. ಮೂವತ್ತು ವರ್ಷ ಪ್ರತಿ ದಸರೆಗೆ ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ತಿಕ್ಕಿದ್ದೇನೆ. ನಿನ್ನ ಮದುವೆಯ ತನಕ ಅದನ್ನು ತಟ್ಟೆಯಲ್ಲಿಟ್ಟು ಅಪ್ಪನ ಮುಂದೆ ಒಯ್ದವಳು ನೀನು. "ನಮ್ ಭಾಗ್ಯಾನ ಕೈಗುಣ ನೋಡ್ರಿ, ಹ್ಯಾಂಗ ಹೊಳಿಲಿಕತ್ತದ!" ಅನ್ನುತ್ತಿದ್ದ ಅಪ್ಪ. ಕೈ ಸುಲಿದದ್ದು ನನಗೆ, ಹೊಗಳಿಕೆ ನಿನಗೆ. ಹೊಟ್ಟೆಕಿಚ್ಚು ಅನ್ನುತ್ತೀಯಾ? ಹೌದು, ಹೊಟ್ಟೆಕಿಚ್ಚೇ.

ಮಾಸ್ತರರು ಹೋದ ಮೇಲೆ ಅಪ್ಪ, "ಭಾಗ್ಯಾ ಸಾಲಿಗಿ ಹೋಗಾಗ ಆ ತಗಡಿನ ಮ್ಯಾಲ ಹಾಳಿ ಇಟ್ಟು, ಪೆನ್ಸಿಲ್ ತಿಕ್ಕಿ ಬಳ್ಳಿ ಚಿತ್ರ ತಗದಿದ್ಲು. ಹುಡುಕಿ ತಾ ಅಂತ ಆಕಿಗಿ ಬರಿ" ಅಂದ. ಅಂದಿನಿಂದ ದಿನಾ ಬೆಳಿಗ್ಗೆ, ಗುಳಿಗೆ ಕೊಡುವ ನನ್ನ ಕೈ ಹಿಡಿದುಕೊಂಡೇ ಕೇಳುತ್ತಾನೆ, "ಭಾಗ್ಯಾಗ ಕಾಗದ ಬರದೇನು?"

ಬರೆದಿದ್ದೇನೆ. ಚಂದಾಪುರದ ನಿನ್ನ ಆಫೀಸಿಗೆ ಎರಡು ದಿನ ರಜಾ ಹಾಕಿ ಬಾ. ಮಕ್ಕಳಿಗೆ ಮುತ್ತು. ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಅಮೃತಮ್ಮ

ತಾ.ಕ.: ಆ ಹಾಳೆಗಾಗಿ ನಿನ್ನ ಟ್ರಂಕು ಹುಡುಕಬೇಡ. ನಿನ್ನ ಮದುವೆಗೆ ಮುಂಚೆಯೇ ಅದನ್ನು ನಿನ್ನ ವಹಿಯಿಂದ ಹರಿದುಕೊಂಡವಳು ನಾನು. ಬಂದವರಿಗೆಲ್ಲ ಅಪ್ಪ ಅದನ್ನು ತೋರಿಸುವುದು ನನಗೆ ನೋಡಲಾಗುತ್ತಿರಲಿಲ್ಲ. ಹೋದ ವಾರ ಒಬ್ಬಳೇ ಹೋಗಿ ಮಾಸ್ತರರಿಗೆ ತೋರಿಸಿದೆ. ಅದು ಬಳ್ಳಿಯಲ್ಲ, ಉರ್ದು ಬರಹ. ಮುತ್ಯಾನ ಹೆಸರು, ಕೆಳಗೆ ಇನಾಮು ಅಂತ ಇದೆಯಂತೆ. ಹಾಳೆ ಈ ಲಕೋಟೆಯಲ್ಲೇ ಇದೆ, ನೀನೇ ತಂದು ಕೊಡು. ಅಪ್ಪ ಉಣ್ಣುವುದನ್ನೇ ಕಡಿಮೆ ಮಾಡಿದ್ದಾನೆ, ಆದರೂ ನಾನಿನ್ನೂ ಹೇಳಿಲ್ಲ. ನಾನು ಹೇಳಿದರೂ ಅವನ ಬಾಯಲ್ಲಿ ಮೊದಲು ಬರುವುದು ನಿನ್ನ ಹೆಸರೇ.