ಲಾಗಿನ್ ಆದಮೇಲೆ ಎಲ್ಲಿಗೆ?

ಮಾರ್ಚ್ 3, ಸೋಮವಾರ, ಸಂಜೆ

ದೂರು ಕೊಡಲು ಹೋದವರನ್ನು ವಾಪಸು ಕೆಲಸಕ್ಕೆ ಅಟ್ಟುತ್ತಿದ್ದಾರೆ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ.

ಅಕ್ಕನ ಮಣಿಕಟ್ಟಿಗೆ ಮುಲಾಮು ಹಚ್ಚಿ ಈಗಷ್ಟೇ ಕುಳಿತೆ. ಅವಳು ಕೆಲಸ ಮಾಡುವ ಲಾಂಡ್ರಿಯ ಇಸ್ತ್ರಿ ರೋಲರ್ ಸುಟ್ಟಿದ್ದು. ಆಸ್ಪತ್ರೆಗಳಿಂದ ಬಂದ ಹಾಸುಬಟ್ಟೆಯೆಲ್ಲ ಆ ಬಿಸಿ ಉರುಳೆಯ ಕೆಳಗೇ ಹೋಗಬೇಕು. ಅದರ ಮುಂದೆ ಒಂದು ತಡೆಪಟ್ಟಿ. ಕೈ ತಗುಲಿದ ಕೂಡಲೇ ರೋಲರ್ ನಿಲ್ಲಬೇಕು. ಪಟ್ಟಿ ಸಡಿಲವಾಗಿ ಎಷ್ಟೋ ದಿನವಾಯಿತು. ರೋಲರ್ ನಿಲ್ಲುವುದಿಲ್ಲ.

ಮ್ಯಾನೇಜರ್ ಹೇಳುವುದು ಒಂದೇ: ಲಾಂಡ್ರಿಯ ವೆಬ್‌ಸೈಟ್‌ನಲ್ಲಿ ದೂರೇ ಇಲ್ಲ, ಅಂದಮೇಲೆ ತೊಂದರೆಯೂ ಇಲ್ಲ. ರಿಪೇರಿಯ ಎಂಜಿನಿಯರ್ ಮೂರು ತಿಂಗಳಿಗೊಮ್ಮೆ ಬರುತ್ತಾನೆ. ಈ ಸಲ ಹದಿನೆಂಟಕ್ಕೆ. ಸೈಟ್‌ನಲ್ಲಿ ದಾಖಲಾದದ್ದನ್ನು ಮಾತ್ರ ಮುಟ್ಟುತ್ತಾನೆ. ಇದು ತಪ್ಪಿದರೆ ಬೇಸಿಗೆ ಪೂರ್ತಿ ಅಕ್ಕ ಆ ಪಟ್ಟಿಯ ಮುಂದೆಯೇ.

ಪ್ರತಿ ಯಂತ್ರದ ಮೇಲೂ ಒಂದು ಸ್ಟಿಕ್ಕರ್ — ‘ಅಪಾಯ ಕಂಡರೆ ತಿಳಿಸಿ’. ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ದೂರಿನ ಪುಟ ತೆರೆಯಬೇಕು. ಅಕ್ಕನಿಗೆ ತೆರೆದದ್ದು ಲಾಗಿನ್. ಸರಿ. ನಂಬರು, ಪಾಸ್‌ವರ್ಡ್ ಹಾಕಿದಳು. ಆಮೇಲೆ ಬಂದದ್ದು ‘ಇಂದಿನ ಗುರಿ’. ಇಷ್ಟು ಹಾಸುಬಟ್ಟೆ, ಇಷ್ಟು ದಿಂಬಿನ ಕವರು, ಇಂತಿಷ್ಟು ಹೊತ್ತಿನೊಳಗೆ.

“ಕೈ ಸುಟ್ಟಿದೆ ಅಂತ ಹೇಳೋಕೆ ಹೋದ್ರೆ ಕೈಗೆ ಕೆಲಸ ಕೊಡುತ್ತೆ ಕಣೇ,” ಎಂದಳು. ನಕ್ಕಳು ಬೇರೆ. ಇಸ್ತ್ರಿ ಸಾಲಿನವರೆಲ್ಲ ಒಂದೊಂದು ಸಲ ಪ್ರಯತ್ನಿಸಿ ಕೈಬಿಟ್ಟಿದ್ದಾರಂತೆ. ಬೇಕೆಂದೇ ಹಾಗೆ ಮಾಡಿದ್ದಾರೆ ಅಂತ ಅವರ ನಂಬಿಕೆ.

ನನಗೆ ನಗು ಬರಲಿಲ್ಲ. ಆ ಸೈಟ್ ಮಾಡಿದ್ದು ನಮ್ಮ ಆಫೀಸು. ನಾನು ಸೇರುವ ಮುಂಚಿನದು… ಆದರೂ ನಮ್ಮದೇ.

ಹಳೆ ಪುಸ್ತಕದಂಗಡಿಯಿಂದ ಹೊತ್ತು ತಂದ ಕರಪತ್ರಗಳ ಕಟ್ಟು ಮೇಜಿನ ಮೇಲಿದೆ. ಎಲ್ಲವೂ ಸಾರುವುದು ಒಂದೇ ಮಾತು — ಪ್ರತಿ ಅನ್ಯಾಯದ ಹಿಂದೆಯೂ ಒಂದು ಕೈ ಇರುತ್ತದೆ. ಆ ಕೈ ಯಾರದೆಂದು ನಾಳೆ ಪತ್ತೆ ಮಾಡುತ್ತೇನೆ.

ಮಾರ್ಚ್ 4, ಮಂಗಳವಾರ, ಊಟದ ಹೊತ್ತು

ಬೀಗದಣ್ಣನ ಮೇಜಿನ ಮುಂದೆ ನಿಂತು ಒಂದೇ ಉಸಿರಿಗೆ ಭಾಷಣ ಬಿಗಿದೆ. ನಮ್ಮ ಆಫೀಸಿನ ಹಿರಿಯ ಪ್ರೋಗ್ರಾಮರ್ ಅವರು. ಲಾಗಿನ್, ಪಾಸ್‌ವರ್ಡ್ ಎಲ್ಲ ಅವರದೇ ಉಸ್ತುವಾರಿ. ಅದಕ್ಕೇ ಆ ಹೆಸರು. ದುಡಿಯುವವರ ಬಾಯಿ ಮುಚ್ಚಿಸುವ ಸಂಚು ಎಂದೆ. ಯಜಮಾನರ ಪರ ನಿಂತ ಕೋಡ್ ಎಂದೆ. ಇನ್ನೂ ಏನೇನೋ. ಅವರು ತುತ್ತು ಬಾಯಲ್ಲಿಟ್ಟುಕೊಂಡೇ ಕೇಳಿಸಿಕೊಂಡರು.

“ಸ್ವಲ್ಪ ಉಸಿರು ತಗೋ ತಾಯಿ. ಯಾವ ಪುಟ ಅಂತ ಹೇಳು.”

ತಮ್ಮ ಕಂಪ್ಯೂಟರಿನಲ್ಲಿ ದೂರಿನ ಲಿಂಕ್ ಒತ್ತಿದರು. ಸೀದಾ ದೂರಿನ ಪುಟ. ಇನ್ನೊಮ್ಮೆ ಒತ್ತಿದರು. ಮತ್ತೆ ದೂರಿನ ಪುಟ. ನನ್ನ ಕಿವಿ ಕೆಂಪಾಯಿತು.

ಆಮೇಲೆ ಹೊಳೆಯಿತು. ಅವರು ಬೆಳಿಗ್ಗೆಯೇ ಲಾಗಿನ್ ಆಗಿ ಕೂತವರು. ಲಾಗೌಟ್ ಆಗಿ ನೋಡಿ ಎಂದೆ. ಆದರು. ಲಿಂಕ್ ಒತ್ತಿದರು. ಲಾಗಿನ್. ನಂಬರು, ಪಾಸ್‌ವರ್ಡ್. ‘ಇಂದಿನ ಗುರಿ’.

ತುತ್ತು ಅಗಿಯುವುದು ನಿಂತಿತು.

ವಿಷಯ ಇಷ್ಟು. ಬೀಗ ಹಾಕಿದ ಪುಟಕ್ಕೆ ಯಾರಾದರೂ ಲಾಗಿನ್ ಇಲ್ಲದೆ ಬಂದರೆ, ಸೈಟಿಗೆ ಅಡಿಪಾಯವಾಗಿರುವ ಸಿದ್ಧ ಕೋಡ್, ಅಂದರೆ ಫ್ರೇಮ್‌ವರ್ಕ್, ಅವರನ್ನು ಲಾಗಿನ್ ಪುಟಕ್ಕೆ ಕಳಿಸುತ್ತದೆ. ಕಳಿಸುವಾಗ ಅವರು ಯಾವ ಪುಟ ಕೇಳಿದ್ದರು ಎನ್ನುವುದನ್ನು ವಿಳಾಸಕ್ಕೆ ಬಾಲದಂತೆ ಕಟ್ಟುತ್ತದೆ. ನಮ್ಮ ಲಾಗಿನ್ ಪುಟ ಆ ಬಾಲವನ್ನು ನೋಡುವುದೇ ಇಲ್ಲ. ಎಲ್ಲರನ್ನೂ ಒಂದೇ ಕಡೆ ಸಾಗಹಾಕುತ್ತದೆ — ಸೆಟ್ಟಿಂಗ್‌ನಲ್ಲಿ ಬರೆದಿಟ್ಟ ಕಡೆಗೆ. ಅಲ್ಲಿ ಬರೆದಿರುವುದು ‘ಇಂದಿನ ಗುರಿ’.

ಯಾರು ಬರೆದದ್ದು ಎಂದೆ.

“ಶುರುವಿನಲ್ಲಿ ತಯಾರಿದ್ದದ್ದು ಅದೊಂದೇ ಪುಟ. ಅದನ್ನೇ ಹಾಕಿದ್ವಿ. ಆಮೇಲೆ ಯಾರೂ ಆ ಕಡೆ ತಿರುಗಿ ನೋಡ್ಲಿಲ್ಲ.”

ಅಂದರೆ ಕೈಯೇ ಇಲ್ಲ. ಸಂಚೂ ಇಲ್ಲ. ಪರೀಕ್ಷೆ ಮಾಡಿದವರೆಲ್ಲ ಒಳಗೆ ಕೂತು ಮಾಡಿದವರು. ಹೊರಗೆ ನಿಂತವರಿಗೆ ಬಾಗಿಲು ಹೇಗೆ ಕಾಣುತ್ತದೆ ಎಂದು ಒಬ್ಬರೂ ನೋಡಿಲ್ಲ. ಇದು ಯಾವ ಕರಪತ್ರದಲ್ಲೂ ಇಲ್ಲ. ಮನೆಗೆ ಹೋಗಿ ಅಂಚಿನಲ್ಲಿ ಬರೆದಿಡಬೇಕು. ಸಂಚುಗಾರನಿದ್ದಿದ್ದರೆ ಬೈಯಬಹುದಿತ್ತು. ಇದಕ್ಕೆ ಬೈದು ಪ್ರಯೋಜನವಿಲ್ಲ, ಸರಿಮಾಡಬೇಕು.

ಮಾರ್ಚ್ 5, ಬುಧವಾರ, ಬೆಳಿಗ್ಗೆ

ಒಂದು ಒಳದಾರಿ ಇದೆ. ‘ಗುರಿ’ ಬಂದಮೇಲೆ ಸ್ಟಿಕ್ಕರನ್ನು ಇನ್ನೊಮ್ಮೆ ಸ್ಕ್ಯಾನ್ ಮಾಡಿದರೆ ದೂರಿನ ಪುಟ ತೆರೆಯುತ್ತದೆ. ಅಷ್ಟರಲ್ಲಿ ಲಾಗಿನ್ ಆಗಿರುತ್ತೇವಲ್ಲ. ಅಕ್ಕ ತಲೆ ಬಾಚುತ್ತಿದ್ದಳು. ಹೇಳಿದೆ. ಬಾಚಣಿಗೆ ಅರ್ಧಕ್ಕೆ ನಿಂತಿತು.

“ನನಗೊಬ್ಬಳಿಗೆ ಹೇಳಿಕೊಟ್ರೆ ದೂರಿದವಳು ನಾನೊಬ್ಬಳೇ ಆಗ್ತೀನಿ. ಇಡೀ ಸಾಲಿಗೆ ಇಲ್ಲದ ಉರಿ ಇವಳಿಗೊಬ್ಬಳಿಗೆ ಯಾಕೆ ಅಂತಾರೆ.”

ಹಾಗಾದರೆ ಎಲ್ಲರಿಗೂ ಹೇಳಿಕೊಡು ಎಂದೆ. ಆಗದಂತೆ. ಫೋನ್ ಕೈಗೆ ಸಿಗುವುದೇ ಟೀ ವಿರಾಮದಲ್ಲಿ. ಒಮ್ಮೆ ಮೋಸ ಹೋದೆವು ಅಂದುಕೊಂಡವರು ಎರಡನೇ ಸಲ ಸ್ಟಿಕ್ಕರಿನ ಮುಂದೆ ನಿಲ್ಲುವುದಿಲ್ಲವಂತೆ.

“ಮೊದಲ ಸಲಕ್ಕೇ ತೆರೆಯೋ ಹಾಗೆ ಮಾಡು. ಎಲ್ಲರಿಗೂ. ಆಗ ಎಲ್ಲರೂ ಒಟ್ಟಿಗೆ ಬರೀತೀವಿ. ಕ್ರಾಂತಿ ಕ್ರಾಂತಿ ಅಂತೀಯಲ್ಲ, ಇಷ್ಟು ಮಾಡು ಸಾಕು.”

ಚಪ್ಪಲಿ ಮೆಟ್ಟಿ ಹೊರಟಳು. ಸುಟ್ಟ ಕೈಯಿಂದಲೇ ಬಾಗಿಲೆಳೆದುಕೊಂಡು.

ಮಾರ್ಚ್ 7, ಶುಕ್ರವಾರ

ಕೆಲಸವನ್ನು ಬೀಗದಣ್ಣ ನನಗೇ ವಹಿಸಿದರು. ಸದ್ಯಕ್ಕೆ ಪರೀಕ್ಷೆಯ ಸೈಟ್‌ನಲ್ಲಿ ಮಾತ್ರ.

ಕೋಡ್ ಬಿಚ್ಚಿ ನೋಡಿದರೆ ಕೆಲವು ಪುಟಕ್ಕೆ ಬೀಗವಿದೆ, ಕೆಲವಕ್ಕಿಲ್ಲ. ಈ ತಾರತಮ್ಯ ಯಾಕೆ? ಎಲ್ಲಕ್ಕೂ ಒಂದೇ ನಿಯಮ ಬರೆದೆ: ಲಾಗಿನ್ ಆಗದವರು ಯಾವ ಪುಟಕ್ಕೆ ಬಂದರೂ ಲಾಗಿನ್ ಪುಟಕ್ಕೆ ಕಳಿಸು. ಸಮಾನತೆ. ಓಡಿಸಿದೆ. ಬ್ರೌಸರ್ ತಿರುಗಿತು, ತಿರುಗಿತು… ಕೊನೆಗೆ ಕೈಚೆಲ್ಲಿತು. ಒಂದು ಪುಟದಿಂದ ಇನ್ನೊಂದಕ್ಕೆ ಕಳಿಸುವ ರೀಡೈರೆಕ್ಟ್ ಅತಿಯಾಯಿತು, ಪುಟ ತೋರಿಸಲಾರೆ ಎಂದಿತು.

ಲಾಗಿನ್ ಪುಟಕ್ಕೂ ಬೀಗ ಹಾಕಿದ್ದೆ. ಲಾಗಿನ್ ಆಗಬೇಕಾದರೆ ಮೊದಲು ಲಾಗಿನ್ ಆಗಿರಬೇಕು. ಅದಕ್ಕೂ ಮೊದಲು ಲಾಗಿನ್ ಆಗಿರಬೇಕು.

ಬೀಗದಣ್ಣ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅಷ್ಟು ನಗು. “ಸಮಾನತೆ ಸರಿ ತಾಯಿ. ಬೀಗದ ಕೈಯನ್ನೂ ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ್ರೆ ತೆಗೆಯೋದು ಹೇಗೆ?”

ಆಫೀಸಿನ ಒಡತಿ ಮೇಡಂ ತಮ್ಮ ಕೋಣೆಯಿಂದ ಇಣುಕಿ ಏನು ವಿಷಯ ಎಂದರು. ಕೇಳಿ ಅವರೂ ನಕ್ಕರು. ನಗಲಿ. ಲಾಗಿನ್ ಪುಟವನ್ನು ನಿಯಮದಿಂದ ಹೊರಗಿಟ್ಟೆ. ಪಾಸ್‌ವರ್ಡ್ ಮರೆತವರ ಪುಟವನ್ನೂ.

ಮಾರ್ಚ್ 10, ಸೋಮವಾರ, ಹನ್ನೊಂದು ಗಂಟೆ

ಆಯಿತು. ಲಾಗಿನ್ ಪುಟ ಈಗ ಬಾಲ ನೋಡುತ್ತದೆ. ಲಾಗೌಟ್ ಆಗಿ ಪರೀಕ್ಷೆಯ ಸೈಟಿನ ದೂರಿನ ಲಿಂಕ್ ಒತ್ತಿದೆ — ಲಾಗಿನ್ — ದೂರಿನ ಪುಟ. ಎದ್ದು ನಿಂತುಬಿಟ್ಟೆ. ಇವತ್ತೇ ಅಸಲಿ ಸೈಟಿಗೆ ಹಾಕೋಣ ಎಂದೆ.

ಅದೇ ದಿನ, ಮಧ್ಯಾಹ್ನ

ಇದನ್ನು ಬರೆಯಬಾರದು ಅಂದುಕೊಂಡೆ. ಬರೆಯುತ್ತೇನೆ.

ಬೀಗದಣ್ಣ ಒಂದು ಲಿಂಕ್ ಕಳಿಸಿದರು. ಇದನ್ನೊಮ್ಮೆ ನೋಡು ಎಂದರು. ವಿಳಾಸ ನಮ್ಮ ಸೈಟಿನದೇ. ಒತ್ತಿದೆ. ಲಾಗಿನ್ ಆದೆ. ‘ಪಾಸ್‌ವರ್ಡ್ ತಪ್ಪಾಗಿದೆ, ಮತ್ತೊಮ್ಮೆ ಹಾಕಿ’ ಎಂದು ಬಂತು. ಅವಸರದಲ್ಲಿ ಬೆರಳು ತಪ್ಪಿರಬೇಕು ಅಂದುಕೊಂಡು ಮತ್ತೊಮ್ಮೆ ಹಾಕಿದೆ.

ಆಚೆ ಮೇಜಿನಿಂದ ಅವರು ಗಟ್ಟಿಯಾಗಿ ಓದಿದರು. “ಎದ್ದೇಳಿ ಎಲ್ಲರೂ. ಒಂದು, ಎರಡು, ಮೂರು.”

ನನ್ನ ಪಾಸ್‌ವರ್ಡ್. ಇಡೀ ಆಫೀಸಿಗೆ ಕೇಳಿಸಿತು. ಸೈಟುಗಳಿಗೆ ಚಿತ್ರ ಬಿಡಿಸುವ ಹುಡುಗಿ ಏನೋ ಅನಾಹುತವೆಂದು ನಿಜಕ್ಕೂ ಎದ್ದು ನಿಂತಳು.

ಆಮೇಲೆ ವಿವರಿಸಿದರು. ಮೊದಲ ಲಾಗಿನ್ ಅಸಲಿ. ಬಾಲದಲ್ಲಿ ಮಾತ್ರ ಅವರು ತಮ್ಮದೇ ಒಂದು ನಕಲಿ ಪುಟದ ವಿಳಾಸ ಕಟ್ಟಿದ್ದರು. ನೋಡಲು ಥೇಟ್ ನಮ್ಮ ಲಾಗಿನ್ ಪುಟ. ನನ್ನ ಕೋಡ್ ಬಾಲದಲ್ಲಿ ಏನಿದ್ದರೂ ಕಣ್ಣು ಮುಚ್ಚಿ ಅಲ್ಲಿಗೆ ಕಳಿಸುತ್ತದೆ. ನನ್ನನ್ನೂ ಕಳಿಸಿತು. ಎರಡನೇ ಸಲ ಪಾಸ್‌ವರ್ಡ್ ಕೊಟ್ಟದ್ದು ಅವರ ಕೈಗೆ.

“ಇದೇ ಲಿಂಕನ್ನ ಯಾವನೋ ನಿಮ್ಮಕ್ಕನ ಸಾಲಿಗೆ ಕಳಿಸಿದ್ರೆ?” ಈ ಸಲ ಅವರು ನಗುತ್ತಿರಲಿಲ್ಲ.

ಬಾಗಿಲು ತೆರೆಯುವ ಉತ್ಸಾಹದಲ್ಲಿ ಅದು ಎಲ್ಲಿಗೆ ತೆರೆಯುತ್ತದೆಂದು ನೋಡಲೇ ಇಲ್ಲ.

ಪಾಸ್‌ವರ್ಡ್ ಬದಲಾಯಿಸಿದೆ. ಈ ಸಲದ್ದು ಯಾರಾದರೂ ಗಟ್ಟಿಯಾಗಿ ಓದಿದರೂ ಏನೂ ಅರ್ಥವಾಗುವುದಿಲ್ಲ.

ಮಾರ್ಚ್ 11, ಮಂಗಳವಾರ

ಬಾಲವನ್ನು ನಂಬಬಾರದು, ತಪಾಸಣೆ ಮಾಡಬೇಕು. ನಮ್ಮ ಸೈಟಿನೊಳಗಿನ ಪುಟವೇ? ಹೌದಾದರೆ ಅಲ್ಲಿಗೆ. ಅಲ್ಲವಾದರೆ ಮುಖಪುಟಕ್ಕೆ. ಇದಕ್ಕೆಂದೇ ಫ್ರೇಮ್‌ವರ್ಕ್‌ನಲ್ಲಿ ಒಂದು ತಪಾಸಣೆ ಇದೆ. ಅದನ್ನೇ ಬಳಸಿದೆ. ಸೆಟ್ಟಿಂಗ್‌ನಲ್ಲಿದ್ದ ‘ಇಂದಿನ ಗುರಿ’ಯನ್ನೂ ಕಿತ್ತು ಮುಖಪುಟ ಹಾಕಿದೆ.

ಬೀಗದಣ್ಣ ಮಧ್ಯಾಹ್ನವೆಲ್ಲ ಅದನ್ನು ಮೋಸಗೊಳಿಸಲು ನೋಡಿದರು. ವಿಳಾಸದಲ್ಲಿ ಎರಡು ಓರೆಗೆರೆ ಹಾಕಿದರು. ಬೇರೆ ಸೈಟಿಗೆ ನಮ್ಮ ಹೆಸರಿನ ವೇಷ ತೊಡಿಸಿದರು. ಪ್ರತಿ ಸಲವೂ ಮುಖಪುಟ, ಮುಖಪುಟ, ಮುಖಪುಟ. ಕೊನೆಗೆ ತಮ್ಮ ಟೀ ಲೋಟವನ್ನು ನನ್ನ ಕಡೆ ತಳ್ಳಿದರು. ಅವರು ಟೀ ಬಿಟ್ಟುಕೊಟ್ಟದ್ದನ್ನು ಈ ಆಫೀಸಿನಲ್ಲಿ ಯಾರೂ ಕಂಡಿಲ್ಲ.

ಮಾರ್ಚ್ 13, ಗುರುವಾರ

ಲಾಂಡ್ರಿ ಮ್ಯಾನೇಜರ್ ಒಪ್ಪದೆ ಹೊಸದೇನನ್ನೂ ಹಾಕುವಂತಿಲ್ಲ ಎಂದರು ಮೇಡಂ. ನಾನು ಬಾಯಿ ತೆರೆಯುವಷ್ಟರಲ್ಲಿ ಬೀಗದಣ್ಣ ಹೇಳಿದರು — ಇದು ಹೊಸದಲ್ಲ ಮೇಡಂ, ಸ್ಟಿಕ್ಕರ್ ದೂರಿನ ಪುಟ ತೆರೆಯುತ್ತದೆ ಎಂದು ನಾವೇ ಕೊಟ್ಟ ಮಾತು. ಮೇಡಂ ಫೋನೆತ್ತಿದರು. ಮ್ಯಾನೇಜರನ್ನೇ ಆಫೀಸಿಗೆ ಕರೆಸಿದರು.

ಬಂದರು. ಕೆಟ್ಟ ಮನುಷ್ಯನ ಮುಖವಲ್ಲ, ದಣಿದ ಮುಖ. ಸೈಟ್ ಚೆನ್ನಾಗಿಯೇ ಇದೆಯಲ್ಲ, ದೂರೇ ಬಂದಿಲ್ಲ ಎಂದರು. ನಾನು ಭಾಷಣ ಮಾಡಲಿಲ್ಲ. ಸ್ಟಿಕ್ಕರ್ ಮುಂದಿಟ್ಟೆ. ಅವರದೇ ಫೋನು, ಲಾಗೌಟ್ ಆಗಿ ಸ್ಕ್ಯಾನ್ ಮಾಡಿ ಸಾರ್ ಎಂದೆ.

ಮಾಡಿದರು. ಲಾಗಿನ್ ಆದರು. ‘ಇಂದಿನ ಗುರಿ’. ಮತ್ತೆ ಲಾಗೌಟ್ ಆಗಿ ಇನ್ನೊಮ್ಮೆ ಮಾಡಿದರು. ‘ಇಂದಿನ ಗುರಿ’. ಫೋನನ್ನು ಮಗುಚಿ ಮೇಜಿನ ಮೇಲಿಟ್ಟರು.

“ದೂರು ಸೊನ್ನೆ ಅಂತ ಪ್ರತಿ ತಿಂಗಳೂ ಮೇಲಿನವರಿಗೆ ಹೆಮ್ಮೆಯಿಂದ ಹೇಳ್ತಿದ್ದೆ ನಾನು.” ಆಮೇಲೆ, “ಹಾಕಿ. ನಾಳೆನೇ ಹಾಕಿ. ಆದ್ರೂ ಯಾರೂ ಬರೆಯಲ್ಲ, ನೋಡ್ತಿರಿ.”

ನೋಡೋಣ ಸಾರ್ ಎಂದೆ. ಅಷ್ಟೇ ಎಂದೆ.

ಮಾರ್ಚ್ 14, ಶುಕ್ರವಾರ, ಟೀ ವಿರಾಮದ ನಂತರ

ಮಧ್ಯಾಹ್ನ ಪಾಳಿ ಬದಲಾಗುವಾಗ ಹಾಕಿದೆವು. ಅಕ್ಕನಿಗೆ ಒಂದೇ ಸಾಲಿನ ಮೆಸೇಜ್: ತೆರೆದಿದೆ. ಆಮೇಲೆ ನಾನು, ಬೀಗದಣ್ಣ, ಮೇಡಂ ಒಂದೇ ಪರದೆಯ ಮುಂದೆ. ಟೀ ವಿರಾಮ ಶುರುವಾಗಿರಬೇಕು. ಏನೂ ಇಲ್ಲ. ಏನೂ ಇಲ್ಲ. ಮ್ಯಾನೇಜರ್ ಮಾತೇ ನಿಜವಾಯಿತೇನೋ ಅಂದುಕೊಂಡೆ.

ಮೊದಲನೆಯದು ಬಂತು. ‘ಸುಮ್ನೆ ನೋಡಿದೆ. ಬರುತ್ತೆ ಕಣ್ರಪ್ಪ.’ ಯಾರೋ ಪುಣ್ಯಾತ್ಮರು.

ಆಮೇಲೆ ಸಾಲುಗಟ್ಟಿದವು. ಮೂರನೇ ರೋಲರ್ ತಡೆಪಟ್ಟಿ ಸಡಿಲ. ಮೂರನೇ ರೋಲರ್ ಪಟ್ಟಿ ಕೆಲಸ ಮಾಡಲ್ಲ. ಉಗಿ ಪೈಪು ಸೋರುತ್ತೆ. ಫ್ಯಾನು, ಕೈಗವಸು ಬೇಕು. ಮತ್ತೆ ತಡೆಪಟ್ಟಿ. ಮತ್ತೆ. ಒಂದೇ ಯಂತ್ರ, ಒಬ್ಬೊಬ್ಬರದು ಒಂದೊಂದು ಬರಹ. ನಡುವೆ ಎಲ್ಲೋ ಅಕ್ಕನದು: ‘ಪಟ್ಟಿ ನಿಲ್ಲಿಸಲಿಲ್ಲ. ನನ್ನ ಕೈ ಸುಟ್ಟಿದೆ. ಸರಿಮಾಡಿ.’ ಅವಳ ಹೆಸರು ಆ ಸಾಲಿನ ಮೊದಲಲ್ಲೂ ಇಲ್ಲ, ಕೊನೆಯಲ್ಲೂ ಇಲ್ಲ. ಎಲ್ಲರ ನಡುವೆ ಒಂದು. ಅವಳು ಕೇಳಿದ್ದು ಅಷ್ಟೇ ತಾನೆ.

ಮೇಡಂ ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೂ ಓದಿದರು. ಬೀಗದಣ್ಣ ನನ್ನ ತಲೆ ಮೇಲೆ ಒಮ್ಮೆ ಮೆಲ್ಲಗೆ ಕುಟ್ಟಿ ತಮ್ಮ ಮೇಜಿಗೆ ಹೋದರು. ನಾನು ಹೊರಗೆ ಮೆಟ್ಟಿಲ ಮೇಲೆ ಹೋಗಿ ನಿಂತೆ. ಬೀದಿಯಲ್ಲಿ ಎಂದಿನ ಗದ್ದಲ. ಯಾರಿಗೂ ಗೊತ್ತಿಲ್ಲ. ಕೂಗಿ ಹೇಳಬೇಕೆನಿಸಿತು. ಕೂಗಲಿಲ್ಲ. ಒಂದು ಸಲ ಜೋರಾಗಿ ಶಿಳ್ಳೆ ಹೊಡೆದೆ. ಒಂದು ನಾಯಿ ತಿರುಗಿ ನೋಡಿತು.

ಮಾರ್ಚ್ 18, ಮಂಗಳವಾರ, ಸಂಜೆ

ಹೊಸ ತಡೆಪಟ್ಟಿ ಬಂತು.

ಎಂಜಿನಿಯರ್ ಬೆಳಿಗ್ಗೆಯೇ ಬಂದು ಮೊದಲು ಮೂರನೇ ರೋಲರಿಗೇ ಕೈ ಹಾಕಿದನಂತೆ. ಇಷ್ಟು ಜನ ಬರೆದ ಮೇಲೆ ಬೇರೆ ಕಡೆ ಹೋಗಲು ಅವನಿಗೆ ಧೈರ್ಯವೆಲ್ಲಿಂದ ಬರಬೇಕು ಎಂದು ಅಕ್ಕ. ಕೆಲಸ ಮುಗಿದ ಮೇಲೆ ಅವಳನ್ನೇ ಕರೆದು ಒತ್ತಿ ನೋಡಿ ಎಂದನಂತೆ. ಬೆರಳ ತುದಿ ತಾಗಿಸಿದಳು. ಆ ದೈತ್ಯ ಗಕ್ಕನೆ ನಿಂತಿತು. ಪಕ್ಕದವಳು ನಾನೂ ಒತ್ತುತ್ತೇನೆ ಎಂದಳು. ನಿಂತಿತು. ಆಮೇಲೆ ಇಡೀ ಸಾಲು, ಒಬ್ಬರಾದ ಮೇಲೆ ಒಬ್ಬರು. ಓಡಿಸುವುದು, ನಿಲ್ಲಿಸುವುದು, ನಗುವುದು. ಸೂಪರ್‌ವೈಸರ್ ಬಂದು ಸಾಕು ಮಾಡಿ ಅನ್ನುವ ತನಕ.

“ಗುರಿ ಅರ್ಧಕ್ಕೇ ನಿಂತೋಯ್ತು ಇವತ್ತು,” ಎಂದಳು. ಇಷ್ಟು ಖುಷಿಯಾಗಿ ಅವಳು ಆ ಮಾತು ಹೇಳಿದ್ದು ಇದೇ ಮೊದಲು.

ಕರಪತ್ರದ ಅಂಚಿನಲ್ಲಿ ಬರೆದದ್ದನ್ನು ತೆಗೆದು ಓದಿದೆ. ಅಲ್ಲೇ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಬಾಗಿಲನ್ನು ಹೊರಗಿನಿಂದ ತಟ್ಟಿ ನೋಡಿದ ಮೇಲೆಯೇ ಅದು ತೆರೆದಿದೆ ಎನ್ನಬೇಕು.

ಮಾರ್ಚ್ 20, ಗುರುವಾರ

ತಡೆಪಟ್ಟಿಯ ಕೆಲಸವೊಂದು ಮುಗಿಯಿತು. ಉಗಿ ಪೈಪು, ಫ್ಯಾನು, ಕೈಗವಸು ಎಲ್ಲ ಬಾಕಿ. ಸೈಟ್‌ನಲ್ಲಿ ಕೂತಿವೆ, ಎಲ್ಲರ ಹೆಸರಿನ ಸಮೇತ. ಇನ್ನು ಇಲ್ಲವೆನ್ನಲು ಆಗುವುದಿಲ್ಲ. ಮ್ಯಾನೇಜರ್ ತಾವೇ ಇಸ್ತ್ರಿ ಸಾಲಿಗೆ ಬಂದು, ಕೂತು ಮಾತಾಡೋಣ ಎಂದರಂತೆ. ಸಾಲಿನವರು ಅಕ್ಕನನ್ನು ಮುಂದೆ ಮಾಡಿದ್ದಾರೆ. ಸೈಟಿನ ಬಗ್ಗೆ ಕೇಳಿದರೆ ಹೇಳಲು ನಾನೂ ಬರಬೇಕಂತೆ.

“ಬಾ. ಆದ್ರೆ ನಿನ್ನ ಕರಪತ್ರ ಮನೇಲೇ ಇಟ್ಟು ಬಾ.”

ಒಂದೇ ಒಂದು ತರುತ್ತೇನೆ ಎಂದೆ. ಅಂಚಿನಲ್ಲಿ ಬರೆದಿರುವುದು. ಅಕ್ಕ ಯೋಚಿಸಿದಳು. ಸರಿ, ಆದರೆ ಓದಬಾರದು ಎಂದಳು.

ಇಪ್ಪತ್ತನಾಲ್ಕು, ಸೋಮವಾರ. ಬೆಳಿಗ್ಗೆ ಹತ್ತು ಗಂಟೆ. ಲಾಂಡ್ರಿಯ ಊಟದ ಕೋಣೆ, ಕಿಟಕಿ ಪಕ್ಕದ ಉದ್ದನೆ ಮೇಜು. ಎಲ್ಲರೂ ಬರುತ್ತಾರೆ.