ಬೂದು ಗೆರೆ

ಅಕ್ಕಾ,

ರೆಕಾರ್ಡ್ ಮಾಡಿಟ್ಟ ನಮ್ಮ ಫೋನ್ ಮಾತುಗಳನ್ನು ಚಿತ್ರವಾಗಿಸುವ ಪ್ರೋಗ್ರಾಂ ಬರೆದಿದ್ದೇನೆ. ನನ್ನ ದನಿ ಕೆಂಪು, ನಿನ್ನದು ನೀಲಿ. ಹಾಳೆ ತುಂಬ ನಾನೇ, ನಿನ್ನವು ನಾಲ್ಕೇ ಚುಕ್ಕೆ, ಬರೀ “ಹೂಂ.” ನನ್ನ ಮಾತೇ ಬೇಡವೇನೋ ಎಂದು ಮುನಿಸಿಕೊಂಡು ತಿಂಗಳಿಡೀ ಫೋನ್ ಮಾಡಲಿಲ್ಲ.

ಕೆಳಗೆ ಬರುತ್ತಿದ್ದ ಬೂದು ಗೆರೆಯನ್ನು ಬರೀ ಗದ್ದಲವೆಂದು ಅಳಿಸುತ್ತಿದ್ದೆ. ನಿನ್ನೆ ಕಿವಿಗೊಟ್ಟು ಕೇಳಿದೆ: ಅದು ನಿನ್ನ ಹೊಲಿಗೆ ಮೆಷಿನ್. ಎಲ್ಲ ಚಿತ್ರದಲ್ಲೂ, “ಈ ಸಲ ಊರಿಗೆ” ಎಂದು ನಾನು ಶುರುಮಾಡಿದ ಕೂಡಲೇ ಅದು ನಿಲ್ಲುತ್ತದೆ. “ಬರಕ್ಕಾಗಲ್ಲ ಕಣೇ” ಎಂದು ನಾನು ಮುಗಿಸಿದ ಮೇಲೆ ನಿನ್ನ “ಹೂಂ.” ಆಮೇಲೆ ಮತ್ತೆ ಮೆಷಿನ್.

ಒಂದು ಚಿತ್ರಕ್ಕೆ ಕಟ್ಟು ಹಾಕಿಸಬೇಕು. ಮೆಷಿನ್ ಎದುರಿನ ಗೋಡೆಯ ಅಳತೆ ಬರೆದು ಕಳಿಸು. ಅಂಚೆಯಲ್ಲಿ ಗಾಜು ಒಡೆಯುತ್ತದೆ; ನಾನೇ ತರುತ್ತೇನೆ.

ನಿನ್ನ ಬಾಯಿಬಡುಕಿ